ಬಂದೂಕಿನ ವಾದದಲ್ಲಿ ಮನೋರೋಗಿಯ ಸ್ಥಾನ

ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಸಾಮೂಹಿಕ ಹತ್ಯೆಯೊಂದು ನಡೆದಾಗಲೆಲ್ಲ, ಸತ್ತವರ ಸಂಸ್ಕಾರಕ್ಕೂ ಮೊದಲೇ ಒಂದು ವಾದ ಆರಂಭವಾಗುತ್ತದೆ. ಬಂದೂಕು ಅಷ್ಟು ಸುಲಭವಾಗಿ ದೊರೆಯುವುದೇ ಈ ಅನಾಹುತಕ್ಕೆ ಕಾರಣವೆಂದು ಒಂದು ಪಕ್ಷ ಹೇಳುತ್ತದೆ. ಬಂದೂಕು ಬರಿಯ ಕಬ್ಬಿಣ, ಅದನ್ನು ಹಿಡಿದವನ ಚಿತ್ತವಿಕಾರವೇ ಕಾರಣ, ಆದುದರಿಂದ ಮಾನಸಿಕ ಆರೋಗ್ಯದ ಕಡೆಗೆ ಗಮನ ಕೊಡಬೇಕು ಎಂದು ಇನ್ನೊಂದು ಪಕ್ಷ ಹೇಳುತ್ತದೆ. ಈ ವಾದವನ್ನು ಒಂದು ಗ್ರಂಥವೆಂಬಂತೆ ಓದಿ, ಅದರೊಳಗೆ ಅಡಗಿರುವ ಗೃಹೀತಗಳನ್ನು ಬಿಡಿಸಿ ತೋರಿಸಿದ ಬರೆಹಗಳಲ್ಲಿ ಜೊನಾಥನ್ ಮೆಟ್ಜಲ್ ಮತ್ತು ಕೆನೆತ್ ಮ್ಯಾಕ್‌ಲೀಶ್ ಅವರು 2015ರಲ್ಲಿ ‘ಅಮೆರಿಕನ್ ಜರ್ನಲ್ ಆಫ್ ಪಬ್ಲಿಕ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಮುಖ್ಯವಾದುದು. ಮೆಟ್ಜಲ್ ಮನೋವೈದ್ಯರು, ಮ್ಯಾಕ್‌ಲೀಶ್ ಮಾನವಶಾಸ್ತ್ರಜ್ಞರು. ಆ ಲೇಖನದ ಗುಣವನ್ನೂ, ಅದರ ದೃಷ್ಟಿ ಅಷ್ಟಾಗಿ ಹರಿಯದ ಎಡೆಯನ್ನೂ ಪರಿಶೀಲಿಸುವುದು ಪ್ರಕೃತ ಪ್ರಬಂಧದ ಉದ್ದೇಶ.

2012ರ ಡಿಸೆಂಬರ್ 14ರಂದು ಕನೆಕ್ಟಿಕಟ್ ರಾಜ್ಯದ ನ್ಯೂಟೌನಿನ ಪ್ರಾಥಮಿಕ ಶಾಲೆಯೊಂದರಲ್ಲಿ 20 ಮಂದಿ ಮಕ್ಕಳೂ 6 ಮಂದಿ ಹಿರಿಯರೂ ಹತರಾದ ಮೇಲೆ ಎದ್ದ ಚರ್ಚೆ ಆ ಲೇಖನದ ಹಿನ್ನೆಲೆಯಲ್ಲಿದೆ. ಲೇಖಕರು ನಾಲ್ಕು ಗೃಹೀತಗಳನ್ನು ಹೆಕ್ಕಿ ತೆಗೆಯುತ್ತಾರೆ: ಮನೋರೋಗವೇ ಬಂದೂಕಿನ ಹಿಂಸೆಗೆ ಕಾರಣವೆಂಬುದು, ವೈದ್ಯನ ರೋಗನಿದಾನದಿಂದ ಮುಂದಿನ ಅಪರಾಧವನ್ನು ಮೊದಲೇ ತಿಳಿಯಬಹುದೆಂಬುದು, ಇಂಥ ಹತ್ಯೆಗಳೆಲ್ಲ ಏಕಾಂಗಿಯಾದ ಹುಚ್ಚನ ಕೃತ್ಯವೆಂಬುದು, ಬಂದೂಕಿನ ನಿಯಂತ್ರಣದಿಂದ ಇನ್ನೊಂದು ನ್ಯೂಟೌನನ್ನು ತಡೆಯಲಾಗದೆಂಬುದು. ಇವುಗಳಲ್ಲಿ ಎರಡನೆಯದರ ಖಂಡನೆ ಅತ್ಯಂತ ದೃಢವಾಗಿದೆ. ರೋಗನಿದಾನವೆಂಬುದು ಚಿಕಿತ್ಸೆಗಾಗಿ ಹುಟ್ಟಿದ ವಿದ್ಯೆಯೇ ಹೊರತು ಭವಿಷ್ಯ ನುಡಿಯುವ ವಿದ್ಯೆಯಲ್ಲ. ಒಂದೇ ರೋಗದ ಹೆಸರನ್ನು ಹೊತ್ತ ಸಾವಿರಾರು ಮಂದಿಯಲ್ಲಿ ಯಾರಿಗೂ ಕೇಡು ಮಾಡದವರೇ ಬಹುಪಾಲು. ಡ್ಯೂಕ್ ವಿಶ್ವವಿದ್ಯಾಲಯದ ಜೆಫ್ರಿ ಸ್ವಾನ್ಸನ್ ಅವರ ಗಣನೆಯಂತೆ, ತೀವ್ರ ಮನೋರೋಗವನ್ನು ಪೂರ್ತಿಯಾಗಿ ಗುಣಪಡಿಸಿಬಿಟ್ಟರೂ ಸಮಾಜದಲ್ಲಿ ನಡೆಯುವ ಹಿಂಸೆಯಲ್ಲಿ ಕಡಮೆಯಾಗುವುದು ಸುಮಾರು ಶೇಕಡ 4 ಮಾತ್ರ. ಉಳಿದ ಶೇಕಡ 96ರ ವಿಷಯದಲ್ಲಿ ಎರಡನೆಯ ಪಕ್ಷ ಏನನ್ನು ಹೇಳುತ್ತದೆಂದು ಕೇಳುವುದು ನ್ಯಾಯವೇ ಆಗಿದೆ.

ಇಲ್ಲಿ ಭಾಷೆಯ ಅಭ್ಯಾಸಿಗಳು ಗಮನಿಸತಕ್ಕ ಒಂದು ಸಂಗತಿಯುಂಟು. ಬಂದೂಕನ್ನು ಯಾರು ಹೊಂದಬಾರದೆಂದು ನಿರ್ಣಯಿಸಿದ 1968ರ ಸಂಯುಕ್ತ ಸರ್ಕಾರದ ಅಧಿನಿಯಮ, ನ್ಯಾಯಾಲಯದಿಂದ ‘ಮೆಂಟಲ್ ಡಿಫೆಕ್ಟಿವ್’ ಎಂದು ತೀರ್ಮಾನಿಸಲ್ಪಟ್ಟವರನ್ನು ನಿಷಿದ್ಧರ ಪಟ್ಟಿಯಲ್ಲಿ ಸೇರಿಸಿತು. ‘ಬುದ್ಧಿಯಲ್ಲಿ ಊನವುಳ್ಳವನು’ ಎಂದು ಇದನ್ನು ಕನ್ನಡಿಸಬಹುದು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮಂದಬುದ್ಧಿಯವರನ್ನು ವಿಂಗಡಿಸಿ ಸಮಾಜದಿಂದ ದೂರವಿಡಲು ಹೊರಟಿದ್ದವರ ಪರಿಭಾಷೆ ಇದು. ವೈದ್ಯರು ಈ ಮಾತನ್ನು ಬಿಟ್ಟು ಎಷ್ಟೋ ಕಾಲವಾಗಿದ್ದರೂ ಕಾನೂನಿನಲ್ಲಿ ಅದು ಹಾಗೆಯೇ ನಿಂತಿದೆ. ಪದ ರೋಗಿಯ ಸಂಕಟವನ್ನು ಹೇಳುವುದಿಲ್ಲ, ಅವನ ಕೊರತೆಯನ್ನು ಮಾತ್ರ ಹೇಳುತ್ತದೆ. ವಾದದ ಸ್ವರೂಪವೆಲ್ಲ ಈ ಒಂದು ಪದದಲ್ಲಿ ಬೀಜರೂಪವಾಗಿದೆಯೆಂದರೆ ಅತಿಶಯೋಕ್ತಿಯಾಗದು. ನಾವು ‘ಅಸ್ವಸ್ಥ’ ಎನ್ನುತ್ತೇವೆ. ತನ್ನಲ್ಲಿ ತಾನು ನಿಲ್ಲಲಾರದವನೆಂದು ಅದರ ಅರ್ಥ. ಪದ ಒಳ್ಳೆಯದೇ. ಆದರೆ ಹತ್ಯೆಯ ವರದಿಯಲ್ಲಿ ಮಾತ್ರವೇ ಅದು ಕಾಣಿಸಿಕೊಳ್ಳತೊಡಗಿದರೆ ಅದಕ್ಕೂ ಇದೇ ಗತಿ ಬಾರದೆಂದು ಹೇಳಲಾಗದು.

ಇತಿಹಾಸವನ್ನು ನೋಡಿದರೆ ಬಂದೂಕು ಮತ್ತು ಚಿಕಿತ್ಸಾಲಯ ಎರಡೂ ಅಕ್ಕಪಕ್ಕದಲ್ಲಿಯೇ ನಡೆದುಬಂದಿರುವುದು ಕಾಣುತ್ತದೆ. ದೊಡ್ಡ ದೊಡ್ಡ ಹುಚ್ಚಾಸ್ಪತ್ರೆಗಳನ್ನು ಬರಿದುಮಾಡಿ, ರೋಗಿಗಳಿಗೆ ಅವರವರ ಊರಿನ ಸಮೀಪದಲ್ಲಿಯೇ ಚಿಕಿತ್ಸೆ ದೊರಕುವಂತೆ ಮಾಡುವ ಅಧಿನಿಯಮಕ್ಕೆ ಅಧ್ಯಕ್ಷ ಕೆನೆಡಿ ರುಜು ಹಾಕಿದುದು 1963ರ ಅಕ್ಟೋಬರ್ 31ರಂದು. ಮೂರು ವಾರ ಕಳೆದು ನವೆಂಬರ್ 22ರಂದು, ಅಂಚೆಯ ಮೂಲಕ ತರಿಸಿಕೊಂಡ ರೈಫಲಿನಿಂದ ಅವರ ಹತ್ಯೆಯಾಯಿತು. ಅಂಚೆಯ ಮೂಲಕ ಬಂದೂಕು ಮಾರುವುದಕ್ಕೆ 1968ರ ಕಾನೂನು ತಡೆಹಾಕಿತು. ಊರೂರಿನ ಚಿಕಿತ್ಸಾಕೇಂದ್ರಗಳಾದರೋ, ಯೋಜಿಸಿದ್ದರಲ್ಲಿ ಅರ್ಧದಷ್ಟೂ ಏಳಲಿಲ್ಲ. ಹಳೆಯ ಆಸ್ಪತ್ರೆಗಳ ಬಾಗಿಲು ಮಾತ್ರ ಮುಚ್ಚುತ್ತ ಬಂದುವು. 1981ರ ಮಾರ್ಚ್ 30ರಂದು ಅಧ್ಯಕ್ಷ ರೇಗನ್ನರಿಗೆ ಗುಂಡು ತಗುಲಿತು. ಹೊಡೆದವನು ಚಿತ್ತವಿಕಲನೆಂಬ ಕಾರಣದಿಂದ 1982ರಲ್ಲಿ ನಿರ್ದೋಷಿಯೆಂದು ತೀರ್ಮಾನವಾಯಿತು. ಈ ನಡುವೆ, ಗುಂಡು ತಗುಲಿದ ಆ ವರ್ಷದ ಆಗಸ್ಟಿನಲ್ಲಿಯೇ ರೇಗನ್ನರು ಅಂಗೀಕರಿಸಿದ ಆಯವ್ಯಯದ ಕಾನೂನು, ಮಾನಸಿಕ ಚಿಕಿತ್ಸೆಗೆ ಸಂಯುಕ್ತ ಸರ್ಕಾರದಿಂದ ಸಲ್ಲುತ್ತಿದ್ದ ಹಣವನ್ನು ಇಳಿಸಿ, ಉಳಿದುದನ್ನು ಇಡಿಗಂಟಾಗಿ ರಾಜ್ಯಗಳಿಗೆ ಒಪ್ಪಿಸಿತು. ಮನೋರೋಗಿಯ ಗುಂಡಿಗೆ ಸಿಕ್ಕಿ ಬದುಕಿದ ಅಧ್ಯಕ್ಷರ ಕಾಲದಲ್ಲಿಯೇ ಮನೋರೋಗಿಯ ಚಿಕಿತ್ಸೆಗೆ ಕೊಡುವ ಹಣ ಕಡಮೆಯಾದುದು ವಿಚಿತ್ರವೆನಿಸಬಹುದು. ಮನೋರೋಗವನ್ನು ಕಾರಣವೆಂದು ಹೇಳುವುದು ಬೇರೆ, ರೋಗಿಯನ್ನು ನೋಡಿಕೊಳ್ಳುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಎರಡನೆಯ ಪಕ್ಷದ ಮಾತಿನಲ್ಲಿರುವ ವಿರೋಧ ಇನ್ನೂ ಸ್ಪಷ್ಟವಾಗಿ ಕಾಣುವುದು ಈಚಿನ ಸಂಗತಿಯೊಂದರಲ್ಲಿ. ನ್ಯೂಟೌನಿನ ಹತ್ಯೆಯಾದ ಒಂದು ವಾರಕ್ಕೆ ರಾಷ್ಟ್ರೀಯ ರೈಫಲ್ ಸಂಘದ ಮುಖಂಡ ವೇನ್ ಲಪಿಯೆರ್ ಅವರು ಮನೋರೋಗಿಗಳ ರಾಷ್ಟ್ರೀಯ ಪಟ್ಟಿಯೊಂದು ಇಲ್ಲದಿರುವುದನ್ನು ಬಹಿರಂಗವಾಗಿ ಆಕ್ಷೇಪಿಸಿದರು. ಮಾನಸಿಕ ದೌರ್ಬಲ್ಯದ ಕಾರಣ ಸಹಾಯಧನ ಪಡೆಯುತ್ತ, ಆ ಹಣವನ್ನು ತಾವೇ ನೋಡಿಕೊಳ್ಳಲಾರದವರ ಹೆಸರುಗಳನ್ನು ಬಂದೂಕು ಮಾರಾಟದ ತಪಾಸಣೆಯ ಪಟ್ಟಿಗೆ ಕಳುಹಿಸತಕ್ಕದ್ದೆಂದು 2016ರ ಡಿಸೆಂಬರಿನಲ್ಲಿ ನಿಯಮವಾದಾಗ, ಅದನ್ನು ರದ್ದುಮಾಡಬೇಕೆಂದವರಲ್ಲಿ ಅದೇ ಸಂಘವೂ ಇದ್ದಿತು. 2017ರ ಫೆಬ್ರವರಿಯಲ್ಲಿ ಆ ನಿಯಮ ರದ್ದಾಯಿತು. ನಾಗರಿಕ ಸ್ವಾತಂತ್ರ್ಯದ ಸಂಘದವರೂ ಅಂಗವಿಕಲರ ಸಂಘಗಳೂ ಅದನ್ನು ವಿರೋಧಿಸಿದ್ದರೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಅವರ ಕಾರಣ ಬೇರೆ: ಲೆಕ್ಕಪತ್ರ ನೋಡಿಕೊಳ್ಳಲಾರದವನು ಅಪಾಯಕಾರಿಯೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. ಆ ಆಕ್ಷೇಪಣೆ ಸಾಧುವಾದುದೆಂದೇ ನಮ್ಮ ಅಭಿಪ್ರಾಯ.

ಅದಂತಿರಲಿ. ಮೆಟ್ಜಲ್ ಮತ್ತು ಮ್ಯಾಕ್‌ಲೀಶರ ಲೇಖನವನ್ನು ಓದಿದ ಹಲವರು ಅದರಿಂದ ಇನ್ನೊಂದು ತುದಿಗೆ ಹಾರಿ, ಮನೋರೋಗಕ್ಕೂ ಬಂದೂಕಿಗೂ ಸಂಬಂಧವೇ ಇಲ್ಲವೆಂದು ಸಾರುವುದುಂಟು. ಇದು ಲೇಖಕರ ಮಾತಲ್ಲ, ನಿಜವೂ ಅಲ್ಲ. 2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್ ವಿದ್ಯಾಲಯದಲ್ಲಿ 32 ಮಂದಿಯನ್ನು ಕೊಂದ ವಿದ್ಯಾರ್ಥಿಯ ಸಂಗತಿಯನ್ನು ನೋಡಬಹುದು. 2005ರ ಡಿಸೆಂಬರಿನಲ್ಲಿಯೇ ನ್ಯಾಯಾಧಿಕಾರಿಯೊಬ್ಬರು ಅವನು ತನಗೆ ತಾನೇ ಅಪಾಯ ಮಾಡಿಕೊಳ್ಳಬಹುದೆಂದು ತೀರ್ಮಾನಿಸಿ, ಹೊರರೋಗಿಯಾಗಿ ಚಿಕಿತ್ಸೆ ಪಡೆಯುವಂತೆ ಆಜ್ಞೆಮಾಡಿದ್ದರು. ಆ ಚಿಕಿತ್ಸೆ ನಡೆಯಲಿಲ್ಲ. ನಡೆಯಿತೇ ಎಂದು ವಿಚಾರಿಸುವವರೂ ಇರಲಿಲ್ಲ. ಆಸ್ಪತ್ರೆಯಲ್ಲಿರಿಸಿದವರ ಹೆಸರನ್ನಷ್ಟೇ ಕಳುಹಿಸಿದರೆ ಸಾಕೆಂದು ರಾಜ್ಯ ಭಾವಿಸಿದುದರಿಂದ ಬಂದೂಕಿನ ಅಂಗಡಿಯ ತಪಾಸಣೆಯಲ್ಲಿ ಅವನ ಹೆಸರೂ ಬರಲಿಲ್ಲ. ಹೀಗೆ ಲೋಪಗಳು ಎರಡು. ವರ್ಜೀನಿಯ ತನ್ನ ಚಿಕಿತ್ಸಾ ಕಾನೂನುಗಳನ್ನು 2008ರಲ್ಲಿ ತಿದ್ದಿಕೊಂಡಿತು. ಆದರೆ ಅದೇ ವರ್ಷದ ಜನವರಿಯಲ್ಲಿ ಸಂಯುಕ್ತ ಸರ್ಕಾರ ಮಾಡಿದ ಕಾನೂನು ಹೆಸರು ಕಳುಹಿಸುವ ವ್ಯವಸ್ಥೆಯನ್ನು ಕುರಿತದ್ದು. ಪಟ್ಟಿ ಬಲವಾಯಿತು, ಚಿಕಿತ್ಸೆಯ ಪ್ರಶ್ನೆ ಅಲ್ಲಿ ಹಿಂದೆಯೇ ಉಳಿಯಿತು.

ತನಗೆ ತಾನೇ ಅಪಾಯ ಎಂಬ ಆ ತೀರ್ಪಿನ ಮಾತಿನ ಮೇಲೆ ಸ್ವಲ್ಪ ನಿಲ್ಲಬೇಕು. ಸಾರ್ವಜನಿಕ ವಾದದ ಎರಡು ಪಕ್ಷಗಳೂ ಮನೋರೋಗಿಯನ್ನು ಪರರಿಗೆ ಅಪಾಯ ಮಾಡುವವನೋ ಅಲ್ಲವೋ ಎಂದಷ್ಟೇ ಕೇಳುತ್ತವೆ. ಒಂದು ಪಕ್ಷಕ್ಕೆ ಅವನು ಆರೋಪಿ. ಇನ್ನೊಂದು ಪಕ್ಷಕ್ಕೆ ಖುಲಾಸೆಗೊಂಡ ಆರೋಪಿ. 2021ರಲ್ಲಿ ಆ ದೇಶದಲ್ಲಿ ಬಂದೂಕಿನಿಂದ ಸತ್ತವರು 48,830 ಮಂದಿ. ಅವರಲ್ಲಿ ಪರರಿಂದ ಹತರಾದವರು 20,958. ತಾವೇ ಜೀವ ಕಳೆದುಕೊಂಡವರು 26,328. ಬಂದೂಕೂ ಮನಸ್ಸಿನ ವ್ಯಥೆಯೂ ನಿಜವಾಗಿ ಸಂಧಿಸುವುದು ಈ ಕೊನೆಯ ಅಂಕಿಯಲ್ಲಿ. ಅಲ್ಲಿ ವರದಿಗಾರರಿಲ್ಲ, ಅಧ್ಯಕ್ಷರ ಭಾಷಣವಿಲ್ಲ. ಒಂದು ಮನೆಯಲ್ಲಿ ಒಬ್ಬನ ಸಾವು. ಪ್ರಾಣತ್ಯಾಗದ ಪ್ರೇರಣೆ ಬಹುಮಟ್ಟಿಗೆ ಅಲ್ಪಕಾಲದ್ದೆಂದೂ, ಆ ಗಳಿಗೆಯಲ್ಲಿ ಬಂದೂಕು ಕೈಗೆ ಎಟುಕದಿದ್ದರೆ ಮನುಷ್ಯ ಬದುಕಿ ಉಳಿಯುವ ಸಂಭವ ಬಹಳ ಹೆಚ್ಚೆಂದೂ ಸಂಶೋಧಕರು ಕಂಡುಕೊಂಡಿದ್ದಾರೆ. ಹಾಗಾದರೆ ಬಂದೂಕೋ ಚಿಕಿತ್ಸೆಯೋ ಎಂಬ ವಿಕಲ್ಪವೇ ಇಲ್ಲಿ ನಿಲ್ಲುವುದಿಲ್ಲ; ಬಂದೂಕನ್ನು ದೂರವಿಡುವುದು ಚಿಕಿತ್ಸೆಯ ಮೊದಲ ಹೆಜ್ಜೆಯೇ ಆಗುತ್ತದೆ. 2015ರ ಲೇಖನದ ದೃಷ್ಟಿ ಸಾಮೂಹಿಕ ಹತ್ಯೆಯ ಮೇಲೆ ನೆಟ್ಟಿರುವುದರಿಂದ ಈ ಅಂಶಕ್ಕೆ ಅಲ್ಲಿ ಸಲ್ಲಬೇಕಾದ ಸ್ಥಾನ ಸಂದಿಲ್ಲ. ಮೆಟ್ಜಲ್ ಅವರೇ 2019ರಲ್ಲಿ ಬರೆದ ‘ಡೈಯಿಂಗ್ ಆಫ್ ವೈಟ್‌ನೆಸ್’ ಗ್ರಂಥ ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಮಿಸೌರಿ ರಾಜ್ಯ ಪಿಸ್ತೂಲು ಕೊಳ್ಳಲು ಬೇಕಾಗಿದ್ದ ಅನುಮತಿಪತ್ರವನ್ನು 2007ರಲ್ಲಿ ತೆಗೆದುಹಾಕಿತು. ಅಲ್ಲಿ ಬಂದೂಕಿನಿಂದ ಬಂಧುಗಳನ್ನು ಕಳೆದುಕೊಂಡವರು, ತಮ್ಮ ಮನೆಯಲ್ಲಿ ಇಷ್ಟಾದ ಮೇಲೆಯೂ ಬಂದೂಕನ್ನು ದೂರಲೊಲ್ಲದಿರುವುದನ್ನು ಆ ಗ್ರಂಥ ಸಹಾನುಭೂತಿಯಿಂದ ಕಾಣಿಸುತ್ತದೆ. ಲೇಖನದ ತರ್ಕಕ್ಕಿಂತ ಗ್ರಂಥದ ಈ ಭಾಗವೇ ನಮಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುತ್ತದೆ.

ವಾದ ಈಚೆಗೆ ಸ್ವಲ್ಪ ಮುಂದುವರಿದಿಲ್ಲವೆಂದು ಹೇಳಲಾಗದು. 2022ರ ಮೇ 24ರಂದು ಟೆಕ್ಸಾಸಿನ ಯುವಾಲ್ಡಿ ಊರಿನ ಶಾಲೆಯಲ್ಲಿ 19 ಮಂದಿ ಮಕ್ಕಳೂ ಇಬ್ಬರು ಉಪಾಧ್ಯಾಯಿನಿಯರೂ ಹತರಾದ ಬಳಿಕ, ಎರಡೂ ಪಕ್ಷಗಳ ಸದಸ್ಯರು ಕೂಡಿ ಜೂನ್ ತಿಂಗಳಲ್ಲಿ ಒಂದು ಅಧಿನಿಯಮವನ್ನು ಮಾಡಿದರು. 21 ವರ್ಷ ತುಂಬದವರು ಬಂದೂಕು ಕೊಳ್ಳುವಾಗ ಹೆಚ್ಚಿನ ತಪಾಸಣೆ, ಅಪಾಯದಲ್ಲಿರುವವರ ಬಂದೂಕನ್ನು ನ್ಯಾಯಾಲಯದ ಮೂಲಕ ತಾತ್ಕಾಲಿಕವಾಗಿ ತೆಗೆದಿರಿಸುವ ರಾಜ್ಯಗಳಿಗೆ ನೆರವು, ಶಾಲೆಗಳಲ್ಲಿ ಮಕ್ಕಳ ಮನಸ್ಸಿನ ಆರೈಕೆಗೆ ಹಣ, ಇವು ಒಂದೇ ಕಾನೂನಿನಲ್ಲಿ ಸೇರಿದುವು. ಶಾಲೆಗಳಿಗೆಂದು ಆ ಅಧಿನಿಯಮದಡಿ ಕೊಟ್ಟಿದ್ದ ಅನುದಾನದಲ್ಲಿ ಸುಮಾರು 100 ಕೋಟಿ ಡಾಲರುಗಳಷ್ಟನ್ನು ನಿಲ್ಲಿಸುವುದಾಗಿ ಸಂಯುಕ್ತ ಸರ್ಕಾರದ ಶಿಕ್ಷಣ ಇಲಾಖೆ 2025ರ ಏಪ್ರಿಲಿನಲ್ಲಿ ಪ್ರಕಟಿಸಿತು. ಹಲವು ರಾಜ್ಯಗಳು ಅದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದುವು.