ಟೆಂಪ್ ಫೋಲ್ಡರಿನ ಮರ್ಯಾದೆ

ಅನೇಕರು ಏಕಕಾಲದಲ್ಲಿ ಬಳಸುವ ಲಿನಕ್ಸ್ ಸರ್ವರೊಂದರ ಆರೋಗ್ಯವನ್ನು ಅರಿಯಬಯಸುವವನು ಮೊದಲು ನೋಡಬೇಕಾದುದು ಅದರ ಟೆಂಪ್ ಫೋಲ್ಡರನ್ನೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಗುಬ್ಬಿಯಿಂದ ರೈಲಿನಲ್ಲಿಯೂ ಕುಣಿಗಲ್ಲಿನಿಂದ ಬಸ್ಸಿನಲ್ಲಿಯೂ ಬಂದು, ತುಮಕೂರಿನ ಕಾಲೇಜೊಂದರ ಲ್ಯಾಬಿನಲ್ಲಿ ತಮ್ಮ ತಮ್ಮ ಹೆಸರಿನಿಂದ ಲಾಗಿನ್ ಆಗಿ ಒಂದೇ ಸರ್ವರನ್ನು ಹಂಚಿಕೊಳ್ಳುವ ವಿದ್ಯಾರ್ಥಿಗಳ ನಡುವೆ ಈಚೆಗೆ ತಲೆದೋರಿದ ತೊಡಕೊಂದು ಈ ಮಾತಿಗೆ ಆಧಾರವಾಗಿದೆ. ಅವರ ಪಾಠದ ಪ್ರೋಗ್ರಾಮು ಟೆಂಪಿನೊಳಗೆ ‘ಔಟ್‌ಪುಟ್’ ಎಂಬ ಫೋಲ್ಡರನ್ನು ಮಾಡಿ ಫಲಿತಾಂಶವನ್ನು ಅಲ್ಲಿ ಬರೆಯುತ್ತಿದ್ದಿತು. ಮೊದಲು ಓಡಿಸಿದ ಗುಬ್ಬಿಯ ಹುಡುಗಿಗೆ ಎಲ್ಲವೂ ಸರಾಗವಾಯಿತು. ಅನಂತರ ಓಡಿಸಿದ ಕುಣಿಗಲ್ಲಿನ ಹುಡುಗನಿಗೆ ಮಾತ್ರ ‘ಪರ್ಮಿಷನ್ ಡಿನೈಡ್’ ಎಂಬ ಉತ್ತರ ದೊರೆಯಿತು.

ಕಾರಣವು ಸರಳ. ಯೂಮಾಸ್ಕ್ 022 ಇರುವಲ್ಲಿ ಹೊಸ ಫೋಲ್ಡರಿಗೆ 755ರ ಅನುಮತಿ ಬರುತ್ತದೆ. ಅಂದರೆ ಒಡೆತನವುಳ್ಳವಳು ಬರೆಯಬಹುದು, ಉಳಿದವರು ನೋಡಬಹುದು, ಅಷ್ಟೇ. ಆದರೆ ಅವಸರಪಟ್ಟ ಯಾರೋ ರೂಟ್ ಆಗಿ ಟೆಂಪಿಗೂ ಅದರೊಳಗಿನ ಸಮಸ್ತಕ್ಕೂ 777 ಎಂದು ಸಿಎಚ್‌ಮಾಡ್ ಮಾಡಿಬಿಟ್ಟರು. ದೋಷವು ಕಣ್ಮರೆಯಾಯಿತು. ಈ ಚಿಕಿತ್ಸೆಯನ್ನು ನಾನು ಸರ್ವಥಾ ಒಪ್ಪಲಾರೆ. ಏಕೆಂದರೆ ಟೆಂಪಿಗೆ ಇರಬೇಕಾದ ಸಂಖ್ಯೆ 777 ಅಲ್ಲ, 1777. ಮುಂದಿನ ಆ ಒಂದು ಅಂಕಿಯೇ ಸ್ಟಿಕಿ ಬಿಟ್. ಅದು ಇರುವವರೆಗೆ ಟೆಂಪು ಧರ್ಮಛತ್ರದಂತೆ: ಯಾರು ಬೇಕಾದರೂ ಬಂದು ಗಂಟನ್ನು ಇಳಿಸಬಹುದು, ಆದರೆ ಆ ಗಂಟನ್ನು ಎತ್ತಿಕೊಂಡು ಹೋಗುವ ಅಧಿಕಾರ ಅದರ ಒಡೆಯನಿಗೂ ಛತ್ರದ ಯಜಮಾನನಿಗೂ ಮಾತ್ರ. ಅದು ಅಳಿದೊಡನೆ ಯಾವ ವಿದ್ಯಾರ್ಥಿಯಾದರೂ ಯಾರ ಫೈಲನ್ನಾದರೂ ಅಳಿಸಬಲ್ಲನು, ಹೆಸರನ್ನಾದರೂ ಬದಲಿಸಬಲ್ಲನು.

ಈ ಬಿಟ್ಟಿನ ಚರಿತ್ರೆಯು ಸ್ವಾರಸ್ಯವಾದುದು. 1974ರ ಯೂನಿಕ್ಸ್ ಐದನೆಯ ಆವೃತ್ತಿಯಲ್ಲಿ ಇದು ಹುಟ್ಟಿದುದು ಬೇರೆಯೇ ಉದ್ದೇಶಕ್ಕಾಗಿ: ಪದೇ ಪದೇ ಬಳಸುವ ಪ್ರೋಗ್ರಾಮು ಮುಗಿದ ಮೇಲೂ ಅದರ ಪ್ರತಿಯನ್ನು ಸ್ವಾಪ್ ಜಾಗದಲ್ಲಿಯೇ ಅಂಟಿಸಿಟ್ಟುಕೊಂಡು ಮತ್ತೆ ಬೇಗನೆ ಆರಂಭಿಸುವುದಕ್ಕೆ. ಫೋಲ್ಡರಿನ ಕಾವಲುಗಾರನಾಗಿ ಇದು ನಿಯುಕ್ತವಾದುದು 1986ರ 4.3 ಬಿಎಸ್‌ಡಿಯಲ್ಲಿ. ಹಳೆಯ ಕೆಲಸವನ್ನು ಲಿನಕ್ಸ್ ಪರಿಗಣಿಸುವುದೇ ಇಲ್ಲ. ಹೊಸದು ಮಾತ್ರ ಉಳಿದಿದೆ. ಎಲ್‌ಎಸ್ ಆಜ್ಞೆಗೆ ಎಲ್, ಡಿ ಎಂಬ ಎರಡು ಅಕ್ಷರಗಳನ್ನು ಕೂಡಿಸಿ ಟೆಂಪನ್ನು ನೋಡಿದರೆ ಅನುಮತಿಗಳ ಸಾಲಿನ ಕೊನೆಯಲ್ಲಿ ಸಣ್ಣ ಟೀ ಅಕ್ಷರ ಕಾಣಬೇಕು. ದೊಡ್ಡ ಟೀ ಕಂಡರೆ ಬಿಟ್ಟು ಇದ್ದರೂ ಇತರರಿಗೆ ಪ್ರವೇಶವೇ ಇಲ್ಲವೆಂದು ತಿಳಿಯಬೇಕು.

1777ನ್ನು ಮರಳಿ ಸ್ಥಾಪಿಸಿದ ಮೇಲೆ ಅಲ್ಲಿ ಇನ್ನೊಂದು ವಿಸ್ಮಯವುಂಟಾಯಿತು. ಟೆಂಪಿನಲ್ಲಿ ನೇರವಾಗಿ ಇದ್ದ ವಿದ್ಯಾರ್ಥಿಯೊಬ್ಬನ ಲಾಗ್ ಫೈಲಿಗೆ ಲ್ಯಾಬಿನ ಸಹಾಯಕರು ರೂಟ್ ಆಗಿ ಶೆಲ್ಲಿನಿಂದ ಒಂದು ಸಾಲನ್ನು ಸೇರಿಸಹೋದಾಗ ಅವರಿಗೂ ಅದೇ ನಿರಾಕರಣೆ! ಸರ್ವಾಧಿಕಾರಿಗೂ ಅನುಮತಿಯಿಲ್ಲವೇ ಎಂದು ಅವರು ಚಿಂತಾಕ್ರಾಂತರಾದರು. ಇದು ಕೆಡುಕಲ್ಲ. 2018ರ ಲಿನಕ್ಸ್ ಕರ್ನೆಲ್ 4.19ರಲ್ಲಿ ‘ಪ್ರೊಟೆಕ್ಟೆಡ್ ರೆಗ್ಯುಲರ್’ ಎಂಬ ನಿಯಮವೊಂದು ಬಂದಿತು. ಎಲ್ಲರಿಗೂ ಬರೆಯಲು ಬಿಟ್ಟ ಸ್ಟಿಕಿ ಫೋಲ್ಡರಿನಲ್ಲಿ ಪರರ ಫೈಲನ್ನು, ಶೆಲ್ಲು ಸಾಲನ್ನು ಸೇರಿಸುವಾಗ ಅನುಸರಿಸುವ ‘ಇಲ್ಲದಿದ್ದರೆ ಸೃಷ್ಟಿಸು’ ಎಂಬ ಕ್ರಮದಿಂದ ತೆರೆಯುವುದನ್ನು ಅದು ರೂಟಿಗೂ ನಿಷೇಧಿಸುತ್ತದೆ. ಕಿಡಿಗೇಡಿಯೊಬ್ಬನು ಮೊದಲೇ ಇರಿಸಿದ ಫೈಲಿನೊಳಕ್ಕೆ ಅಧಿಕಾರಿಯ ಪ್ರೋಗ್ರಾಮು ತಿಳಿಯದೆ ಬರೆಯುವ ಅಪಾಯವನ್ನು ತಡೆಯುವುದೇ ಇದರ ಗುರಿ. ಆದುದರಿಂದ ಈ ನಿಯಮದ ಮೌಲ್ಯವನ್ನು ಸೊನ್ನೆಗೆ ಇಳಿಸಿ ಕೈತೊಳೆದುಕೊಳ್ಳುವುದು ಸರಿಯಲ್ಲ.

ನಿಜವಾದ ದೋಷವಿದ್ದುದು ಪ್ರೋಗ್ರಾಮಿನಲ್ಲಿ: ಎಲ್ಲರಿಗೂ ಸಮಾನವಾದ ಸ್ಥಳದಲ್ಲಿ ಅದು ಎಲ್ಲರಿಗೂ ಒಂದೇ ಹೆಸರನ್ನು ಇಡುತ್ತಿದ್ದಿತು. ಎಂಕೆಟೆಂಪ್ ಎಂಬ ಆಜ್ಞೆಗೆ ಡಿ ಅಕ್ಷರವನ್ನು ಕೂಡಿಸಿದರೆ, ಊಹಿಸಲಾಗದ ಹೆಸರಿನ, 700ರ ಅನುಮತಿಯುಳ್ಳ ಫೋಲ್ಡರು ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ದೊರೆಯುತ್ತದೆ. ಸಿಸ್ಟಮ್‌ಡಿಯ ಮೂಲಕ ನಡೆಯುವ ಸೇವೆಗಳಿಗಾದರೆ ‘ಪ್ರೈವೇಟ್ ಟೆಂಪ್’ ಎಂಬ ಏರ್ಪಾಡುಂಟು. ಪಾಠದ ಪ್ರೋಗ್ರಾಮಿನಲ್ಲಿ ಫೋಲ್ಡರನ್ನು ಮಾಡುವ ಆ ಒಂದು ಸಾಲನ್ನು ಎಂಕೆಟೆಂಪಿಗೆ ತಿದ್ದಿ, ಹಳೆಯ ‘ಔಟ್‌ಪುಟ್’ ಫೋಲ್ಡರನ್ನು ಅದರ ಒಡತಿಯಿಂದಲೇ ಅಳಿಸಿದ ಬಳಿಕ, ಗುಬ್ಬಿಯ ರೈಲು ಮೊದಲು ಬರಲಿ, ಕುಣಿಗಲ್ಲಿನ ಬಸ್ಸು ಮೊದಲು ಬರಲಿ, ಲ್ಯಾಬಿನಲ್ಲಿ ಎಲ್ಲರ ಪ್ರೋಗ್ರಾಮೂ ಓಡುತ್ತಿದೆ.