ಕುಸಿತ ಕಟ್ಟಿದ ಗವಿ

ಬೆಂಗಳೂರಿನ ಯಲಹಂಕ, ಹೆಬ್ಬಾಳದ ಅಡಿಯಲ್ಲಿರುವುದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಅದು ನೀರಿಗೆ ಕರಗುವ ಜಾತಿಯಲ್ಲ. ಯಾಣದ ಸುಣ್ಣಕಲ್ಲನ್ನು ಮಳೆ ಕರಗಿಸಿ ಕೊರೆದಂಥ ಗವಿ ಈ ಕಡೆ ಸಿಗದು. ಆದರೆ ಕೋಲಾರದ ಅಂತರಗಂಗೆ ಬೆಟ್ಟ ಹತ್ತಿ ನೋಡಿ. ಗ್ರಾನೈಟಿನ ಬಿರುಕುಗಳಿಗೆ ಇಳಿದ ನೀರು ಮೊದಲು ಮೂಲೆಗಳನ್ನೇ ಸವೆಸಿ, ಚೌಕದ ಬಂಡೆಗಳನ್ನು ಗುಂಡಾಗಿಸಿದೆ. ಸುತ್ತಲಿನ ಸಡಿಲ ಮಣ್ಣು ಕೊಚ್ಚಿಹೋದ ಮೇಲೆ ಗುಂಡುಗಳು ಜರುಗಿ, ಉರುಳಿ, ಒಂದಕ್ಕೊಂದು ಆನಿಕೊಂಡು ನಿಂತವು. ನಡುವೆ ಉಳಿದ ಸಂದೇ ಗುಹೆ! ತೆವಳಿಕೊಂಡು ಒಳಹೊಕ್ಕು ಬಂಡೆ ಮುಟ್ಟಿದರೆ ಒರಟೊರಟು. ಫೆಲ್ಡ್‌ಸ್ಪಾರ್ ಖನಿಜ ಜೇಡಿಯಾಗಿ ಉದುರಿ, ಗಟ್ಟಿ ಕ್ವಾರ್ಟ್ಜ್ ಹರಳುಗಳು ಬೆರಳಿಗೆ ಚುಚ್ಚುತ್ತವೆ. ಗಾರೆಯಿಲ್ಲ, ಕಂಬವಿಲ್ಲ. ನನ್ನ ಮಟ್ಟಿಗೆ ಯಾಣಕ್ಕಿಂತ ಇದೇ ಸೊಗಸು. ಹೋದಾಗ ಟಾರ್ಚ್ ಮರೆಯಬೇಡಿ. ಬಂಡೆಯ ಮೇಲೆ ಹೆಸರು ಮಾತ್ರ ಗೀಚಬೇಡಿ.