ದುಭಾಷಿ ಇಲ್ಲದ ಆಸ್ಪತ್ರೆ

ಆನ್ ಫ್ಯಾಡಿಮನ್ ಅವರ ‘ದ ಸ್ಪಿರಿಟ್ ಕ್ಯಾಚಸ್ ಯೂ ಅಂಡ್ ಯೂ ಫಾಲ್ ಡೌನ್’ (1997) ಕೃತಿಯನ್ನು ಸಂಸ್ಕೃತಿಗಳ ಸಂಘರ್ಷದ ಕಥನವೆಂದು ಓದುವುದು ರೂಢಿ. ಲಾವೋಸ್‌ನಿಂದ ನಿರಾಶ್ರಿತರಾಗಿ ಕ್ಯಾಲಿಫೋರ್ನಿಯಾದ ಮರ್ಸೆಡ್‌ಗೆ ಬಂದ ಹ್ಮಾಂಗ್ ದಂಪತಿಯ ಮಗಳು ಲಿಯಾಗೆ ಮೂರ್ಛೆರೋಗ. ಬಾಗಿಲು ಬಡಿದ ಸದ್ದಿಗೆ ಬೆದರಿ ಆತ್ಮ ಮೈಬಿಟ್ಟಿತು ಎಂದು ಹೆತ್ತವರು. ಮಿದುಳಿನ ತೊಂದರೆ ಎಂದು ವೈದ್ಯರು.

ವಲಸೆಯ ಕಥನಗಳನ್ನು ಅಭ್ಯಸಿಸುತ್ತಿರುವ ನನಗೆ ಈ ಓದು ಸಾಲದು ಎನಿಸುತ್ತದೆ. ಕೃತಿಯ ವಿವರಗಳೇ ಬೇರೆ ಮಾತು ಹೇಳುತ್ತವೆ. 1982ರಲ್ಲಿ ಮೊದಲ ಸಲ ಆಸ್ಪತ್ರೆ ತಲುಪುವಷ್ಟರಲ್ಲಿ ಮೂರ್ಛೆ ನಿಂತಿತ್ತು, ನಡೆದದ್ದನ್ನು ತಿಳಿಸಲು ದುಭಾಷಿ ಇರಲಿಲ್ಲ. ಎದೆಯ ಸೋಂಕೆಂದು ಔಷಧಿ ಕೊಟ್ಟು ಕಳಿಸಿದರು. ಮುಂದೆ ಔಷಧಿಗಳು ಪದೇ ಪದೇ ಬದಲಾದವು; ಸೀಸೆಯ ಮೇಲಿನ ಇಂಗ್ಲಿಷನ್ನು ಹೆತ್ತವರು ಓದಲಾರರು. ಅವರಿಗೆ ಆ ಔಷಧಿಗಳ ಮೇಲೆ ಅಪನಂಬಿಕೆ ಇದ್ದದ್ದೂ ನಿಜ. ಸರಿಯಾಗಿ ಕೊಡುತ್ತಿಲ್ಲವೆಂದು ಮಗುವನ್ನೇ ಕೆಲಕಾಲ ಅವರಿಂದ ಬೇರ್ಪಡಿಸಲಾಯಿತು.

ನಂಬಿಕೆ ಬದಲಿಸುವುದು ಕಷ್ಟ. ದುಭಾಷಿಯನ್ನು ನೇಮಿಸುವುದು ಆಡಳಿತದ ಕೆಲಸ. ಎಲ್ಲವನ್ನೂ ‘ಸಂಸ್ಕೃತಿ’ಯ ಲೆಕ್ಕಕ್ಕೆ ಬರೆದರೆ ಆ ಹೊಣೆ ಯಾರದ್ದೂ ಅಲ್ಲದಾಗುತ್ತದೆ. ಮಕ್ಕಳ ಮನೆಗೆಂದು ಪರದೇಶಕ್ಕೆ ಹೋದ ನಮ್ಮ ಅಜ್ಜಿಯೊಬ್ಬರು ‘ಎದೆಯಲ್ಲಿ ಸಂಕಟ’ ಎಂದರೆ, ಅದು ನೋವೋ, ಉರಿಯೋ, ದುಃಖವೋ ಎಂದು ಅವರ ಮಾತಿನಲ್ಲೇ ಕೇಳುವವರು ಬೇಕು. ಚಿಕಿತ್ಸೆ ಶುರುವಾಗುವುದು ಅಲ್ಲಿಂದ.